ಗುಡಿಯಾಚೆಯ ಗ್ರಾಮಸಭೆ

ಸೋಮನಾಥಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಸೋಮನಾಥಪುರವನ್ನು ನೋಡುವುದೇ ಇಲ್ಲ. ಮೈಸೂರಿನಿಂದ ಹೊರಟು, ಬನ್ನೂರು ದಾಟಿ, ಗದ್ದೆ–ಕಬ್ಬಿನ ಬಯಲಿನ ನಡುವೆ ಬಂದು ಗೇಟಿನ ಬಳಿ ಗಾಡಿ ನಿಲ್ಲಿಸುತ್ತಾರೆ. ಟಿಕೆಟ್ ಕೊಂಡು, ಕೇಶವ ದೇವಾಲಯದ ಜಗತಿಯ ಮೇಲೆ ಒಂದು ಸುತ್ತು ಬಂದು, ಫೋಟೊ ತೆಗೆಸಿಕೊಂಡು, ಎಳನೀರು ಕುಡಿದು ಬಂದ ದಾರಿಯಲ್ಲೇ ಹೊರಡುತ್ತಾರೆ. ಗುಡಿಯ ಪಕ್ಕದಲ್ಲಿ ಒಂದು ಊರಿದೆ, ಅಲ್ಲಿ ಬೀದಿಗಳಿವೆ, ನಲ್ಲಿಗಳಿವೆ, ಶಾಲೆಯಿದೆ, ಒಂದು ಗ್ರಾಮ ಪಂಚಾಯಿತಿಯಿದೆ ಎಂಬುದು ಅವರ ನೆನಪಿನಲ್ಲಿ ಉಳಿಯುವುದಿಲ್ಲ. ಟಿ. ನರಸೀಪುರ ತಾಲ್ಲೂಕಿನ ಈ ಹಳ್ಳಿಯ ಕಥೆ ಶುರುವಾಗುವುದಾದರೂ ಊರು ಕಟ್ಟುವುದರಿಂದಲೇ.

ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಇಲ್ಲಿ ಮೊದಲು ಕಟ್ಟಿದ್ದು ಒಂದು ಅಗ್ರಹಾರವನ್ನು. ಅದಕ್ಕೆ ತನ್ನ ಹೆಸರನ್ನೇ ಇಟ್ಟ. 1258ರಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯ ಆ ಊರಿನ ಭಾಗವಾಗಿ ಎದ್ದ ಗುಡಿ. ಗುಡಿಗಾಗಿ ಊರು ಹುಟ್ಟಿದ್ದಲ್ಲ. ಪ್ರವೇಶದ್ವಾರದ ಬಳಿ ನಿಂತಿರುವ ಶಾಸನದ ಕಲ್ಲುಗಳ ಮುಂದೆ ಒಂದು ಗಳಿಗೆ ನಿಂತರೆ ಇದು ಮನಸ್ಸಿಗೆ ಬರುತ್ತದೆ. ಯಾರು ಕಟ್ಟಿಸಿದರು, ಯಾವ ಜಮೀನನ್ನು ಯಾವುದಕ್ಕೆ ಬಿಟ್ಟರು ಎಂಬುದನ್ನು ಬಂದು ಹೋಗುವವರೆಲ್ಲರ ಕಣ್ಣಿಗೆ ಬೀಳುವಂತೆ ಬಾಗಿಲಲ್ಲೇ ಕಲ್ಲಿನಲ್ಲಿ ಕೊರೆಸಿಟ್ಟಿದ್ದಾರೆ. ಊರಿನ ಲೆಕ್ಕಪತ್ರವನ್ನು ಬಹಿರಂಗವಾಗಿಡುವುದು ಈ ನೆಲಕ್ಕೆ ಹೊಸ ವಿಷಯವೇನೂ ಅಲ್ಲ.

ಅಗ್ರಹಾರದ ಆಡಳಿತ ಮಹಾಜನರ ಕೈಯಲ್ಲಿರುತ್ತಿತ್ತು. ಅವರು ಸಭೆ ಸೇರುತ್ತಿದ್ದರು, ತೀರ್ಮಾನ ಮಾಡುತ್ತಿದ್ದರು. ಆದರೆ ಆ ಮಹಾಜನರೆಂದರೆ ವೃತ್ತಿ ಎಂಬ ಜಮೀನಿನ ಪಾಲು ಪಡೆದ ಬ್ರಾಹ್ಮಣರು ಮಾತ್ರ. ಗದ್ದೆ ಉಳುತ್ತಿದ್ದವರಿಗೆ, ಬಟ್ಟೆ ಒಗೆಯುತ್ತಿದ್ದವರಿಗೆ, ಹೆಂಗಸರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ದುಡಿದ ಜನರಲ್ಲಿ ತಮ್ಮ ಹೆಸರು ಉಳಿಸಿಕೊಂಡವರು ಶಿಲ್ಪಿಗಳು. ಮಲ್ಲಿತಮ್ಮ, ಬಾಲೆಯ, ಚೌಡೆಯ, ಮಸಣಿತಮ್ಮ ಮುಂತಾದವರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ಹೆಸರು ಕೆತ್ತಿದರು. ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯದ ಬಗ್ಗೆ ತಂದ ಪುಸ್ತಕದಿಂದ ಆ ಹೆಸರುಗಳು ಲೋಕಕ್ಕೆ ತಿಳಿದವು. ಉಳಿದವರ ಹೆಸರು ಎಲ್ಲೂ ಇಲ್ಲ.

ಇವತ್ತು ಇದೇ ನೆಲದಲ್ಲಿ, ಹದಿನೆಂಟು ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಊರಿನ ಸಭೆಯ ಸದಸ್ಯರು. ಆ ಸಂಸ್ಥೆಯೇ ಗ್ರಾಮಸಭೆ. ಎಷ್ಟೋ ವಿದ್ಯಾವಂತರು ಗ್ರಾಮ ಪಂಚಾಯಿತಿ ಮತ್ತು ಗ್ರಾಮಸಭೆ ಎರಡೂ ಒಂದೇ ಎಂದುಕೊಂಡಿರುತ್ತಾರೆ. ಪಂಚಾಯಿತಿ ಎಂದರೆ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ನಾವು ಆರಿಸಿ ಕಳಿಸಿದ ಮೆಂಬರುಗಳ ಮಂಡಳಿ. ಗ್ರಾಮಸಭೆ ಎಂದರೆ ಆರಿಸಿದ ನಾವು. ಅದಕ್ಕೆ ಯಾರೂ ಚುನಾವಣೆ ಗೆದ್ದು ಬರಬೇಕಿಲ್ಲ, ಐದು ವರ್ಷಕ್ಕೆ ಅದರ ಅವಧಿಯೂ ಮುಗಿಯುವುದಿಲ್ಲ.

ಈ ಹಕ್ಕು ತಾನಾಗಿ ಬಂದದ್ದಲ್ಲ. 1983ರ ಪಂಚಾಯತ್ ಕಾಯ್ದೆಯ ಹಿಂದೆ ದುಡಿದ ಅಬ್ದುಲ್ ನಜೀರ್ ಸಾಬರನ್ನು ಇವತ್ತಿಗೂ ಹಳ್ಳಿಗಳಲ್ಲಿ 'ನೀರ್ ಸಾಬ್' ಎಂದೇ ನೆನೆಯುತ್ತಾರೆ. ಬೋರ್‌ವೆಲ್ ಕೊರೆಸಿದ ಮಂತ್ರಿಯೇ ಅಧಿಕಾರವನ್ನೂ ಊರ ಬಾಗಿಲಿಗೆ ತರಲು ಹೊರಟವರು. ಆ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಶೇ 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಆಗ ದೇಶದಲ್ಲಿ ಅದು ದೊಡ್ಡ ಮಾತು. ಮರುವರ್ಷವೇ ನಜೀರ್ ಸಾಬರು ತೀರಿಕೊಂಡರು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಮೇ 10ಕ್ಕೆ ಕರ್ನಾಟಕದ ಹೊಸ ಕಾಯ್ದೆಯೂ ಬಂತು. ಅದನ್ನು ಮತ್ತೆ ತಿದ್ದಿ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಕರೆದದ್ದು 2015ರ ತಿದ್ದುಪಡಿಯಲ್ಲಿ. ಈಗ ಮೊದಲು ವಾರ್ಡ್ ಸಭೆ, ಅಲ್ಲಿ ಹೇಳಿದ್ದೆಲ್ಲ ಗ್ರಾಮಸಭೆಗೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರವು.

ಸಭೆಯ ಸುದ್ದಿ ಊರಿಗೆ ಮುಟ್ಟುವ ಬಗೆ ನೋಡಬೇಕು. ಹಿಂದೆ ತಮಟೆ ಹೊಡೆದು ಬೀದಿ ಬೀದಿಯಲ್ಲಿ ಸಾರುತ್ತಿದ್ದರು. ಆ ಕೆಲಸ ವಂಶಪಾರಂಪರ್ಯವಾಗಿ ಕೆಲವೇ ಮನೆತನಗಳ ಹೆಗಲ ಮೇಲಿತ್ತು, ಸಾರಿದವರಿಗೆ ಸಭೆಯಲ್ಲಿ ಕೂರುವ ಹಕ್ಕು ಇರಲಿಲ್ಲ. ಪಟೇಲ, ಶಾನುಭೋಗರಂಥ ವಂಶಪಾರಂಪರ್ಯದ ಹುದ್ದೆಗಳು 1963ರಲ್ಲಿ ಹೋದವು. ಈಗ ಪಂಚಾಯಿತಿಯ ಬೋರ್ಡಿಗೆ ನೋಟಿಸ್ ಅಂಟಿಸುತ್ತಾರೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಕೆಲವು ಕಡೆ ಕಸದ ಗಾಡಿಯ ಮೈಕಿನಲ್ಲೇ ಕೂಗಿಸುತ್ತಾರೆ. ನನಗೆ ಈ ಕೊನೆಯದು ಬಹಳ ಇಷ್ಟ. ಬೋರ್ಡು ಓದಲು ಬಾರದವರ, ಫೋನಿಲ್ಲದ ಅಜ್ಜಿಯ ಮನೆಮುಂದೆಯೂ ಕಸದ ಗಾಡಿ ಬಂದೇ ಬರುತ್ತದೆ.

ಸಭೆಯ ದಿನ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕ್. ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಬೇರೆ ಇಲಾಖೆಯಿಂದ ಬಂದ ನೋಡಲ್ ಅಧಿಕಾರಿ ಮುಂದೆ ಕೂರುತ್ತಾರೆ. ಕೃಷಿ, ಆರೋಗ್ಯ, ಅಂಗನವಾಡಿ, ವಿದ್ಯುತ್ ಕಂಪನಿ ಸೆಸ್ಕ್ ಎಂದು ಒಬ್ಬೊಬ್ಬರೇ ಎದ್ದು ತಮ್ಮ ಇಲಾಖೆಯ ಯೋಜನೆ ಓದುತ್ತಾರೆ. ಆ ಹೊತ್ತಿಗೆ ಜನ ಪಕ್ಕದವರೊಂದಿಗೆ ಮಾತಿಗಿಳಿದಿರುತ್ತಾರೆ. ನಿಜವಾದ ಸಭೆ ಶುರುವಾಗುವುದು ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಏನ್ ಮೆಂಬ್ರೇ, ಹೋದ್ ಸಲ್ವೂ ಇದ್ನೇ ಬರ್ಕಂಡ್ರಿ, ಚರಂಡಿ ಎಲ್ಲೈತೆ?" ಎಂದಾಗ. ಆಮೇಲೆ ಒಂದರ ಹಿಂದೊಂದು. ಬೀದಿ ದೀಪ ಹಗಲೆಲ್ಲ ಉರಿದು ರಾತ್ರಿ ಆರುವುದು. ನೀರಗಂಟಿ ಮೇಲಿನ ಬೀದಿಗೆ ಬಿಟ್ಟಷ್ಟು ನೀರು ಕೆಳಗಿನ ಬೀದಿಗೆ ಬಿಡದಿರುವುದು. ಅಪ್ಪನ ಹೆಸರಿನಲ್ಲಿರುವ ಮನೆಗೆ ಇ-ಸ್ವತ್ತು ದಾಖಲೆ ಸಿಗದೆ ಬ್ಯಾಂಕ್ ಸಾಲ ನಿಂತುಹೋಗಿರುವುದು. ಸ್ಮಶಾನಕ್ಕೆ ದಾರಿ ಬೇಕೆಂಬುದು. ಮನೆ ಮಂಜೂರಾತಿಯ ಪಟ್ಟಿ ಓದುವಾಗಲಂತೂ ಒಬ್ಬರೂ ಕೂತಿರುವುದಿಲ್ಲ.

ಇದೆಲ್ಲ ಗದ್ದಲದಂತೆ ಕಾಣುತ್ತದೆ, ನಿಜ. ಆದರೆ ಅಲ್ಲೊಂದು ದಪ್ಪ ಪುಸ್ತಕವಿದೆ. ಅದು ನಡವಳಿ ಪುಸ್ತಕ. ಮಾತಾಡಿದ್ದು ಎಷ್ಟೇ ಜೋರಾಗಿರಲಿ, ಆ ಪುಸ್ತಕದಲ್ಲಿ "ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಲಾಯಿತು" ಎಂಬ ಸಾಲಿನ ಕೆಳಗೆ ಬರದಿದ್ದರೆ ಅದು ಆಗಿಲ್ಲವೆಂದೇ ಲೆಕ್ಕ. ಬಂದರೆ ಮುಂದಿನ ವರ್ಷದ ಕ್ರಿಯಾಯೋಜನೆಗೆ ಅದು ದಾರಿ. ಅನುಭವಸ್ಥರು ಸಭೆ ಮುಗಿದ ಮೇಲೂ ಮನೆಗೆ ಹೋಗುವುದಿಲ್ಲ. ನಡವಳಿ ಬರೆಯುವವರ ಪಕ್ಕ ನಿಂತು, ತಮ್ಮ ಬೀದಿಯ ಹೆಸರು ಸೇರಿತೇ, ಎಷ್ಟು ಮೀಟರ್ ಚರಂಡಿ ಎಂದು ಬರೆದರೇ ನೋಡಿ, ಆಮೇಲೆ ಸಹಿ ಹಾಕುತ್ತಾರೆ. "ಊರಿನ ಚರಂಡಿ ಅಭಿವೃದ್ಧಿ" ಎಂದಷ್ಟೇ ಬರೆದಿದ್ದರೆ ಆ ಚರಂಡಿ ಯಾರ ಮನೆಮುಂದೆಯಾದರೂ ಆಗಬಹುದು. ಗ್ರಾಮಸಭೆಯ ಹುಷಾರಿ ಎಂದರೆ ಇದೇ. ಇದನ್ನು ನಾನು ಕಂಡಂತೆ ಎಲ್ಲರಿಗಿಂತ ಬೇಗ ಕಲಿತವರು ಸ್ವಸಹಾಯ ಸಂಘಗಳ ಹೆಂಗಸರು. ವಾರವಾರ ಸಂಘದಲ್ಲಿ ಉಳಿತಾಯದ ಲೆಕ್ಕ, ನಡವಳಿ ಬರೆದು ಅಭ್ಯಾಸವಾದವರಿಗೆ ಪಂಚಾಯಿತಿಯ ಪುಸ್ತಕದ ಭಯವಿಲ್ಲ.

ಮೈಸೂರು ಸೀಮೆಯಲ್ಲಿ ಊರು ಸುಧಾರಿಸುವ ಪ್ರಯತ್ನಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರ ಹೊತ್ತಿಗೆ, ಗ್ರಾಮ ಸುಧಾರಣಾ ಯೋಜನೆ ಬಂತು. ಹಳ್ಳಿಗೊಂದು ಸಮಿತಿ, ಬಾವಿ, ರಸ್ತೆ, ಶಾಲೆ, ನೈರ್ಮಲ್ಯಕ್ಕೆ ಸರ್ಕಾರ ಒಂದಷ್ಟು ಕೊಟ್ಟರೆ ಊರವರು ಹಣವಾಗಿಯೋ ದುಡಿಮೆಯಾಗಿಯೋ ತಮ್ಮ ಪಾಲು ಹಾಕಬೇಕು ಎಂಬುದು ಅದರ ತಿರುಳು. 1926ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕಾನೂನಿನ ಬಲ ಸಿಕ್ಕಿತು. ಊರವರೇ ಸೇರಿ ಕೆಲಸ ಮಾಡುವ ಆ ಹಂಬಲ ದೊಡ್ಡದು. ಆದರೆ ಕೂಡಿ ಬಾವಿ ತೋಡಿದ ಮೇಲೆ ಆ ಬಾವಿಯಿಂದ ಯಾರು ನೀರು ಸೇದಬಹುದು ಎಂಬ ಪ್ರಶ್ನೆಯನ್ನು ಯಾವ ಯೋಜನೆಯೂ ತಾನಾಗಿ ಬಗೆಹರಿಸಲಿಲ್ಲ.

ಇಲ್ಲಿ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳುವಿನ ಮಾತು ಹೇಳಲೇಬೇಕು. ಗಾಂಧಿವಾದಿ ತಗಡೂರು ರಾಮಚಂದ್ರರಾಯರಂಥವರು ಓಡಾಡಿದ ಸೀಮೆ ಅದು. ಬದನವಾಳುವಿನ ಖಾದಿ ಕೇಂದ್ರ 1920ರ ದಶಕದ್ದು, ಗಾಂಧೀಜಿ ಸ್ವತಃ ಬಂದು ನೋಡಿದ್ದು. ರಾಟೆ, ಮಗ್ಗ, ಕೈಗೆಲಸ ಎಲ್ಲ ಇದ್ದ ಆ ಊರಿನಲ್ಲಿಯೇ 1993ರಲ್ಲಿ ದೇವಸ್ಥಾನದ ವಿಚಾರವಾಗಿ ಹುಟ್ಟಿದ ದ್ವೇಷಕ್ಕೆ ಮೂವರು ದಲಿತರು ಕೊಲೆಯಾದರು. ದಲಿತರ ಬೀದಿಗೂ ಲಿಂಗಾಯತರ ಬೀದಿಗೂ ಇದ್ದ ದಾರಿ ಆಮೇಲೆ ಬಳಕೆಯಿಲ್ಲದೆ ಬಿತ್ತು. ಒಂದೇ ಊರಿನ ಎರಡು ಬೀದಿಗಳು ಮೂರು ದಶಕದ ಕಾಲ ಬೇರೆ ಬೇರೆಯಾಗಿ ಬದುಕಿದವು. 2022ರ ಅಕ್ಟೋಬರ್ 2ರಂದು ಪಾದಯಾತ್ರೆಯಲ್ಲಿ ಬಂದ ರಾಹುಲ್ ಗಾಂಧಿ ಎರಡೂ ಕಡೆಯ ಜನರೊಂದಿಗೆ ಆ ದಾರಿಗೆ ಇಂಟರ್‌ಲಾಕ್ ಟೈಲ್ಸ್ ಜೋಡಿಸಿದರು, ಎಲ್ಲರೂ ಒಟ್ಟಿಗೆ ಕೂತು ಉಂಡರು. ರಾಜಕೀಯವನ್ನು ಬದಿಗಿಟ್ಟು ಆ ರಸ್ತೆಯನ್ನಷ್ಟೇ ನೋಡಿ. ಅಳತೆಯಲ್ಲಿ ಅದು ಸಣ್ಣ ಕಾಮಗಾರಿ, ಯಾವ ಪಂಚಾಯಿತಿಯಾದರೂ ಒಂದು ಕ್ರಿಯಾಯೋಜನೆಯಲ್ಲಿ ಮುಗಿಸಬಹುದಾದದ್ದು. ಅದಕ್ಕೆ ಬೇಕಾಗಿದ್ದ ಮಾತು ಎರಡು ಬೀದಿಗಳ ನಡುವೆ ಅಷ್ಟು ವರ್ಷ ಆಗಿರಲಿಲ್ಲ. ರಸ್ತೆ ಎಲ್ಲಿಂದ ಎಲ್ಲಿಗೆ ಎಂದು ನಡವಳಿಯಲ್ಲಿ ಬರೆಯುವ ಕೈಗೆ ಎಂಥ ಜವಾಬ್ದಾರಿಯಿದೆ ಎಂದು ಬದನವಾಳು ನೆನೆದಾಗಲೆಲ್ಲ ನನಗೆ ಅನ್ನಿಸುತ್ತದೆ.

ಸೋಮನಾಥಪುರಕ್ಕೆ ತನ್ನದೇ ಆದ ಇನ್ನೊಂದು ತೊಡಕಿದೆ. ಕೇಶವ ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯಂತೆ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ದೇವಾಲಯದ ಸೊಬಗು ಕಾಯಲು ಇಂಥ ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಂಕ್ರೀಟು ಮಹಡಿಗಳ ನಡುವೆ ಹೂತುಹೋದ ಗುಡಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಆದರೆ ಅಣ್ಣತಮ್ಮಂದಿರು ಪಾಲಾಗಿ ಇನ್ನೊಂದು ಕೋಣೆ ಕಟ್ಟಿಕೊಳ್ಳಬೇಕಾದವರಿಗೆ, ಹಳೇ ಹೆಂಚು ತೆಗೆದು ಮೇಲ್ಛಾವಣಿ ಹಾಕಿಸಬೇಕಾದವರಿಗೆ ಈ ಮೀಟರುಗಳು ದಿನದ ಬದುಕಿನ ವಿಷಯ. ಮನೆ ಮಂಜೂರು ಮಾಡುವ ಯೋಜನೆ ಒಂದು ಇಲಾಖೆಯದು, ಕಟ್ಟಬಾರದೆನ್ನುವ ಕಾಯ್ದೆ ಇನ್ನೊಂದರದು. ನಡುವೆ ಸಿಕ್ಕಿಕೊಳ್ಳುವವರು ಆರು ತಿಂಗಳಿಗೊಮ್ಮೆ ಗ್ರಾಮಸಭೆಗೆ ಬರುವವರೇ.

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ಸಭೆಯಲ್ಲಿ ಬೇಲೂರು, ಹಳೇಬೀಡಿನೊಂದಿಗೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಭಾರತದ 42ನೇ ತಾಣ. ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಹೆಸರು ಬಂದಂತೆ ಗಾಡಿಗಳು ಬರುತ್ತವೆ, ಗಾಡಿಗಳ ಹಿಂದೆ ನೀರಿನ ಬಾಟಲಿ, ಚಿಪ್ಸ್ ಕವರು, ತಟ್ಟೆ ಲೋಟ. ಟಿಕೆಟಿನ ಹಣ ಪಂಚಾಯಿತಿಯ ಖಾತೆಗೆ ಬರುವುದಲ್ಲ, ಬೀದಿಗೆ ಬಿದ್ದ ಕಸ ಮಾತ್ರ ಪಂಚಾಯಿತಿಯದು. ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಎಂದು ಕಟ್ಟಿಟ್ಟದ್ದರಿಂದ ಹಳ್ಳಿಗಳಲ್ಲಿ ಹಸಿಕಸ ಒಣಕಸದ ಗಾಡಿಗಳು ಕಾಣತೊಡಗಿದವು. ಎಷ್ಟೋ ಕಡೆ ಅವುಗಳ ಸ್ಟಿಯರಿಂಗ್ ಹಿಡಿದವರೂ ಸಂಘದ ಹೆಂಗಸರೇ. ಪ್ರವಾಸಿಗರ ಊರಿಗೆ ಈ ಲೆಕ್ಕ ಬೇರೆಯೇ ಆಗಬೇಕು. ಊರ ಜನರ ತಲೆ ಎಣಿಸಿ ಕೊಟ್ಟ ಹಣದಲ್ಲಿ ಜಗತ್ತಿನ ಕಸ ಎತ್ತಲಾಗದು.

ಊರಿನ ಸಣ್ಣವರಿಗೂ ಒಂದು ಸಭೆಯಿದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿಯಾಗಿ ಶುರುವಾದ ಪ್ರಯೋಗ ಇಂದು ರಾಜ್ಯದ ಎಲ್ಲ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯಾಗಿ ನಡೆಯುತ್ತದೆ, ಸಾಮಾನ್ಯವಾಗಿ ನವೆಂಬರ್‌ನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ. ಅಲ್ಲಿ ಮಕ್ಕಳು ಸುತ್ತಿ ಬಳಸಿ ಮಾತಾಡುವುದಿಲ್ಲ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂದರೆ ಇಲ್ಲ, ಅಷ್ಟೆ. ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಸೋಮನಾಥಪುರದಂಥ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ತಮ್ಮೂರಿನ ಶಾಸನದ ಪಾಠ ಅಂಥ ಕೇಂದ್ರದಲ್ಲಿ, ಹೊಸಗನ್ನಡದಲ್ಲಿ, ಕೈಗೆ ಸಿಗುವಂತಿರಬೇಕು ಎಂಬುದು ನನ್ನ ಆಸೆ.

ವಿಶ್ವ ಪರಂಪರೆಯ ತಾಣಕ್ಕೆ ಒಂದು ನಿರ್ವಹಣಾ ಯೋಜನೆ ಇರಲೇಬೇಕು. ಗಾಡಿ ಎಲ್ಲಿ ನಿಲ್ಲಬೇಕು, ಎಳನೀರು ಮಾರುವವರು ಎಲ್ಲಿ ಕೂರಬೇಕು, ಶೌಚಾಲಯ ಎಲ್ಲಿ, ಊರವರ ಮನೆ ಎಷ್ಟು ಎತ್ತರ ಎಂಬಂಥ ತೀರ್ಮಾನಗಳೆಲ್ಲ ಅದಕ್ಕೆ ಹೊಂದಿಕೊಂಡವು. ದೆಹಲಿ, ಬೆಂಗಳೂರಿನ ಕಚೇರಿಗಳಲ್ಲಿ ಅದರ ಮೇಲೆ ಚರ್ಚೆಯಾಗುವುದು ಸಹಜ. ಅದನ್ನು ಈ ಊರಿನ ಶಾಮಿಯಾನದಡಿಯಲ್ಲಿಯೂ, ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ, ನಕಾಶೆ ಹರಡಿ ಓದಿ ಹೇಳಬೇಕು. ಯಾರ ಮನೆ ಯಾವ ಗೆರೆಯೊಳಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಬೇಕು. ದುರಸ್ತಿಗೆ ಅರ್ಜಿ ಕೊಟ್ಟರೆ ಎಷ್ಟು ದಿನದಲ್ಲಿ ಉತ್ತರ ಎಂದು ಅಲ್ಲೇ ಹೇಳಬೇಕು. ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ ಕೇಳಿದ್ದನ್ನು, ಬೇಡವೆಂದದ್ದನ್ನು, ಹಾಗೆಯೇ ನಡವಳಿಯಲ್ಲಿ ಬರೆದುಕೊಳ್ಳಬೇಕು.