ಮಾವನವರ ಕಾಲಿನ ಕಸುವು ಎಲ್ಲಿ ಹೋಯ್ತು?

ಹಿಂದೆ ರಾಗಿ ಮೂಟೆ ಹೊತ್ತವರು. ಈಗ ಜಗಲಿಯಿಂದ ಏಳಲು ಕಂಬ ಹಿಡಿಯುತ್ತಾರೆ. "ವಯಸ್ಸಾಯ್ತು ಬಿಡಿ" ಎಂದು ನಾವು ಸುಮ್ಮನಾಗುತ್ತೇವೆ. ಹಾಗೆ ಬಿಡಬಹುದೇ ಅಕ್ಕಂದಿರೇ? ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಆಗ ಆರೈಕೆ ಮಾಡೋರು ಯಾರು? ಮನೆಯ ಹೆಂಗಸರೇ ತಾನೇ?

ಕಸುವು ಯಾಕೆ ಕುಗ್ಗುತ್ತೆ?

ಗಂಡಸರ ವೃಷಣದಲ್ಲಿ ಒಂದು ರಸ ಹುಟ್ಟುತ್ತೆ. ಅದರ ಹೆಸರು ಟೆಸ್ಟೋಸ್ಟಿರೋನ್. ಮೀಸೆ, ಗಡಸು ದನಿ ಬರುವುದು ಇದರಿಂದಲೇ. ಮಾಂಸಖಂಡಕ್ಕೂ ಮೂಳೆಗೂ ಇದು ಬಲ ಕೊಡುತ್ತೆ. ನಮಗೆ ಮುಟ್ಟು ನಿಲ್ಲುವ ಹಾಗೆ ಇದು ಪೂರ್ತಿ ನಿಲ್ಲುವುದಿಲ್ಲ. 40 ವರ್ಷದ ನಂತರ, ವರ್ಷಕ್ಕೆ ನೂರರಲ್ಲಿ ಸುಮಾರು ಒಂದು ಪಾಲು ಇಳಿಯುತ್ತೆ. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಕಮ್ಮಿ ಇರಬಹುದು.

ಇಂಜೆಕ್ಷನ್ ಕೊಡಿಸಿದರೆ ಸಾಕೇ?

ಸಾಲದು. ಅಮೆರಿಕದಲ್ಲಿ ಈ ರಸ ಕಡಿಮೆ ಇದ್ದ 5,000ಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿದರು. ಅರ್ಧ ಜನರಿಗೆ ಈ ರಸದ ಔಷಧಿ ಕೊಟ್ಟರು. ಉಳಿದವರಿಗೆ ಬರೀ ಮುಲಾಮು. ಮೂಳೆ ಮುರಿತದ ಲೆಕ್ಕ 2024ರಲ್ಲಿ ಹೊರಬಂತು. ಔಷಧಿ ಪಡೆದವರಲ್ಲೇ ಮುರಿತ ಹೆಚ್ಚಾಗಿತ್ತು! ರಕ್ತ ಪರೀಕ್ಷೆ ಮಾಡಿ, ನಿಜವಾಗಿ ಬೇಕಾದವರಿಗೆ ಮಾತ್ರ ವೈದ್ಯರು ಇದನ್ನು ಕೊಡುತ್ತಾರೆ. "ಶಕ್ತಿ ಸೂಜಿ" ಎಂದು ಯಾರೋ ಹೇಳಿದರೆ ದುಡ್ಡು ಸುರಿಯಬೇಡಿ.

ನಾವು ಏನು ಮಾಡಬೇಕು?

ಮೊದಲು ಊಟ. ಮುದ್ದೆಗೆ ತಿಳಿಸಾರು ಸಾಲದು. 100 ಗ್ರಾಂ ರಾಗಿಯಲ್ಲಿ ಮೈಕಟ್ಟುವ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ಹುರುಳಿಯಲ್ಲಿ ಸುಮಾರು 22 ಗ್ರಾಂ. ಹುರುಳಿ, ಅವರೆ, ಹಾಲು, ಮೊಟ್ಟೆ ಕೊಡಿ. ಹಲ್ಲಿಲ್ಲದವರಿಗೆ ಕಾಳನ್ನು ಮೆತ್ತಗೆ ಬೇಯಿಸಿ, ಮಸೆದು ಕೊಡಿ.

ಆಮೇಲೆ ಕೆಲಸ. "ನೀವು ಸುಮ್ಮನೆ ಕೂತ್ಕೊಳ್ಳಿ ಮಾವ" ಎನ್ನಬೇಡಿ. ಕೂತಷ್ಟೂ ಮಾಂಸಖಂಡ ಕರಗುತ್ತೆ. ದಿನಾ ನಡೆಯಲಿ. ಗೋಡೆ ಪಕ್ಕ ಕುರ್ಚಿ ಹಾಕಿ. ಅದರಿಂದ ಆದಷ್ಟು ಸಲ ಎದ್ದು ಕೂರಲಿ. ಬಚ್ಚಲಲ್ಲಿ ಪಾಚಿ ಉಜ್ಜಿ, ರಾತ್ರಿ ದೀಪ ಇಡಿ.

ಆಸ್ಪತ್ರೆಗೆ ಯಾವಾಗ?

ಬೇಗ ಬೇಗ ತೂಕ ಇಳಿದರೆ, ಎರಡು ವಾರ ಕೆಮ್ಮು ಬಿಡದಿದ್ದರೆ, ಎದ್ದಾಗ ತಲೆ ಸುತ್ತಿದರೆ, ಪದೇ ಪದೇ ಬಿದ್ದರೆ ತಡ ಮಾಡಬೇಡಿ. ಕ್ಷಯ, ರಕ್ತಹೀನತೆ, ಸಕ್ಕರೆ ಕಾಯಿಲೆ ಇದ್ದರೂ ಸುಸ್ತಾಗುತ್ತೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಹಾಸನದಲ್ಲಿ ದೊಡ್ಡಾಸ್ಪತ್ರೆ ಇದೆ. ಗಂಡಸರು ತಮ್ಮ ನಿತ್ರಾಣ ಹೇಳಿಕೊಳ್ಳುವುದು ಕಡಿಮೆ. ನೀವೇ ಗಮನಿಸಿ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಮುಟ್ಟು ನಿಂತ ಮೇಲೆ ನಮ್ಮ ಮೂಳೆಯೂ ಸವೆಯುತ್ತೆ. ಮಾವನವರಿಗೆ ಬಡಿಸಿದ ಕಾಳಿನ ಸಾರು ನಿಮ್ಮ ತಟ್ಟೆಗೂ ಇರಲಿ.