ಬಿಲದೊಳಗಿನ ಹವೆ

ನೀರಿಲ್ಲದೆ ಸೊರಗಿದ ಟರಾಂಟುಲಾದ ಎಂಟೂ ಕಾಲುಗಳು ನಿಧಾನವಾಗಿ ದೇಹದಡಿಗೆ ಮಡಚಿಕೊಳ್ಳುತ್ತವೆ. ಈ ದೈತ್ಯ ಜೇಡವನ್ನು ಸಾಕುವವರು ಅತಿ ಹೆಚ್ಚು ಹೆದರುವ ಲಕ್ಷಣವಿದು. ಕಾರಣ ಅದರ ಕಾಲಿನ ರಚನೆಯಲ್ಲೇ ಇದೆ. ಜೇಡದ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ಹಾಗೆ, ದೇಹದ ಮುಂಭಾಗದ ಸ್ನಾಯುಗಳು ಹಿಂಡಿದಾಗ ರಕ್ತರಸ ಕಾಲಿನೊಳಕ್ಕೆ ನುಗ್ಗಿ ಅದನ್ನು ಚಾಚುತ್ತದೆ. ನೀರು ಕಡಿಮೆಯಾದರೆ ಈ ಒತ್ತಡ ಏರುವುದಿಲ್ಲ, ಮಡಚುವ ಸ್ನಾಯುಗಳದ್ದೇ ಮೇಲುಗೈ. ಅಂಥ ಜೇಡವನ್ನು ಮೆಲ್ಲನೆ ಎತ್ತಿ, ಬಾಯಿಯ ಭಾಗ ಮಾತ್ರ ತಟ್ಟೆಯ ನೀರಿಗೆ ತಾಗುವಂತೆ ಇಟ್ಟರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಹೊಟ್ಟೆಯ ಅಡಿಭಾಗ ಮಾತ್ರ ಮುಳುಗಬಾರದು, ಉಸಿರಾಟದ ಸೀಳುಗಳು ಇರುವುದು ಅಲ್ಲೇ.

ಹೀಗಾಗಿ ಪೆಟ್ಟಿಗೆಯೊಳಗೆ ಮೊದಲು ಇಡಬೇಕಾದದ್ದು ಒಂದು ಅಗಲವಾದ, ಆಳವಿಲ್ಲದ ನೀರಿನ ತಟ್ಟೆ. ಅದರಲ್ಲಿ ಸ್ಪಂಜಿನ ತುಂಡು ಹಾಕಿಡುವ ರೂಢಿ ಹಿಂದೆ ಇತ್ತು. ಅದರಿಂದ ಜೇಡಕ್ಕೆ ಪ್ರಯೋಜನವಿಲ್ಲ, ಬ್ಯಾಕ್ಟೀರಿಯಾ ಬೆಳೆಯಲು ಜಾಗವಾಗುತ್ತದೆ ಅಷ್ಟೆ.

ಇನ್ನು ತೇವಾಂಶದ ವಿಷಯ. ಸಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ ಎಂದು ನನಗನ್ನಿಸುತ್ತದೆ. ಜಗತ್ತಿನಲ್ಲಿ ಬಹಳ ಮಂದಿ ಸಾಕುವ ಮೆಕ್ಸಿಕೊದ ಕೆಂಪುಮಂಡಿ ಟರಾಂಟುಲಾವನ್ನೇ ತೆಗೆದುಕೊಳ್ಳೋಣ. ದಶಕಗಳ ಕಾಲ ಬ್ರಾಕಿಪೆಲ್ಮಾ ಸ್ಮಿತಿ ಎಂಬ ಹೆಸರಿನಲ್ಲಿ ಮಾರಾಟವಾದವುಗಳಲ್ಲಿ ಬಹುಪಾಲು ಬ್ರಾಕಿಪೆಲ್ಮಾ ಹ್ಯಾಮೊರಿ ಎಂಬ ಬೇರೆಯದೇ ಪ್ರಭೇದ ಎಂಬುದು 2017ರ ಅಧ್ಯಯನದಿಂದ ಸ್ಪಷ್ಟವಾಯಿತು. ಇದರ ತವರು ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ಕೊಲಿಮಾ, ಹಲಿಸ್ಕೊ, ಮಿಚೊವಾಕಾನ್ ರಾಜ್ಯಗಳು. ಅಲ್ಲಿನದು ಮಳೆಗಾಲದಲ್ಲಿ ಹಸಿರಾಗಿ, ಉಳಿದ ತಿಂಗಳುಗಳಲ್ಲಿ ಎಲೆಯುದುರಿ ಒಣಗಿ ನಿಲ್ಲುವ ಕಾಡು. ಇಂಥ ಪ್ರದೇಶದ ಹವಾಮಾನದ ಸರಾಸರಿ ನೋಡಿ ‘ತೇವಾಂಶ ಶೇಕಡಾ ಇಷ್ಟು’ ಎಂದು ಪಾಲನಾ ಕೈಪಿಡಿಗಳು ಬರೆಯುತ್ತವೆ. ಅದನ್ನು ಓದಿದವರು ಗೋಡೆಗೆ ಮಾಪಕ ಅಂಟಿಸಿ, ಮುಳ್ಳು ಇಳಿದಾಗಲೆಲ್ಲ ನೀರು ಸಿಂಪಡಿಸುತ್ತಾರೆ.

ಆದರೆ ಹವಾಮಾನ ಕೇಂದ್ರ ಅಳೆಯುವುದು ನೆಲದ ಮೇಲಿನ ಗಾಳಿಯನ್ನು. ಇಂಥ ಟರಾಂಟುಲಾ ಬದುಕುವುದು ನೆಲದೊಳಗೆ. ಮೇಲೆ ಬಿಸಿಲು ಸುಡುತ್ತಿರುವಾಗಲೂ ಬಿಲದ ತಳ ತಂಪಾಗಿ, ಒಂದಿಷ್ಟು ಪಸೆಯಾಗಿ ಇರುತ್ತದೆ. ಸೆಕೆಯಾದರೆ ಜೇಡ ಕೆಳಗಿಳಿಯುತ್ತದೆ, ರಾತ್ರಿ ಬೇಟೆಗೆ ಬಿಲದ ಬಾಯಿಗೆ ಬರುತ್ತದೆ, ಒಳಗೆ ನೀರು ನುಗ್ಗಿದರೆ ಹೊರಡುತ್ತದೆ. ಹಗಲಿರುಳು ತನಗೆ ಬೇಕಾದ ಹವೆಯನ್ನು ತಾನೇ ಆರಿಸಿಕೊಳ್ಳುವ ಪ್ರಾಣಿ ಅದು. ಸಾಕುವವರು ಒದಗಿಸಬೇಕಾದದ್ದು ಆ ಆಯ್ಕೆಯನ್ನು. ಇಡೀ ಪೆಟ್ಟಿಗೆಯನ್ನು ಒಂದೇ ಅಂಕಿಗೆ ಕಟ್ಟಿಹಾಕಿದರೆ ಆಯ್ಕೆಯೇ ಉಳಿಯುವುದಿಲ್ಲ.

ಆ ಆಯ್ಕೆ ಒದಗಿಸಲು ತಳದಲ್ಲಿ ಕನಿಷ್ಠ 10–15 ಸೆಂಟಿಮೀಟರ್ ಮಣ್ಣು ಬೇಕು. ನಮ್ಮ ನರ್ಸರಿಗಳಲ್ಲಿ ಸಿಗುವ ಕೊಕೊಪೀಟನ್ನೇ ಜಗತ್ತಿನ ಎಲ್ಲೆಡೆಯ ಟರಾಂಟುಲಾ ಪ್ರಿಯರು ಬಳಸುತ್ತಾರೆ. ಗೊಬ್ಬರ, ಔಷಧಿ ಬೆರೆಸದ್ದಾಗಿರಬೇಕು ಅಷ್ಟೆ. ಅದನ್ನು ಚೆನ್ನಾಗಿ ಒತ್ತಿ, ಒಂದು ಮೂಲೆಯಲ್ಲಿ ಓರೆಯಾಗಿ ಗುಂಡಿ ತೋಡಿ, ಮೇಲೆ ಮರದ ತೊಗಟೆ ಮುಚ್ಚಿದರೆ ಬಿಲದ ಆರಂಭ ಆಯಿತು, ಉಳಿದದ್ದನ್ನು ಜೇಡವೇ ತೋಡಿಕೊಳ್ಳುತ್ತದೆ. ಮೇಲ್ಮೈ ಒಣಗಿರಲಿ. ನೀರನ್ನು ಸಿಂಪಡಿಸುವ ಬದಲು ಆಗಾಗ ಒಂದು ಮೂಲೆಯಲ್ಲಿ ಸುರಿದರೆ ಅದು ತಳಕ್ಕಿಳಿದು ಅಲ್ಲಿ ಪಸೆ ಉಳಿಸುತ್ತದೆ. ಆಮೇಲೆ ಜೇಡ ಎಲ್ಲಿ ಕೂರುತ್ತದೆಂದು ಗಮನಿಸಿ. ಸದಾ ನೀರಿನ ತಟ್ಟೆಗೆ ಅಂಟಿಕೊಂಡಿದ್ದರೆ, ಹೊಟ್ಟೆ ಸುಕ್ಕುಗಟ್ಟಿದ್ದರೆ ನೀರು ಸಾಲದು. ಮಣ್ಣು ತುಳಿಯಲೊಲ್ಲದೆ ಗಾಜಿನ ಮೇಲೇ ಇದ್ದರೆ ಹಲವು ಸಲ ನೆಲ ತೀರಾ ಒದ್ದೆಯಾಗಿದೆ ಎಂದರ್ಥ. ಯಾವ ಮಾಪಕವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಒದ್ದೆ ಪೆಟ್ಟಿಗೆ ಒಣ ಪೆಟ್ಟಿಗೆಯಷ್ಟೇ ಅಪಾಯಕಾರಿ, ಅದರಲ್ಲೂ ಗಾಳಿಯಾಡದಿದ್ದರೆ. ಟರಾಂಟುಲಾಗಳು ಉಸಿರಾಡುವುದು ಎರಡು ಜೊತೆ ಪುಟ-ಶ್ವಾಸಕೋಶಗಳಿಂದ. ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತೆಳು ಪದರಗಳ ನಡುವೆ ಗಾಳಿ ತಾನಾಗಿ ಹರಡಿಕೊಳ್ಳುತ್ತದೆ, ನಮ್ಮಂತೆ ಜೋರಾಗಿ ಎಳೆದು ಬಿಡುವ ವ್ಯವಸ್ಥೆ ಅದಕ್ಕಿಲ್ಲ. ನಿಂತ ಗಾಳಿಯಲ್ಲಿ ಬೂಷ್ಟು, ನುಸಿ, ಕೊಳೆತ ಆಹಾರದ ಬ್ಯಾಕ್ಟೀರಿಯಾ ಎಲ್ಲ ಬೆಳೆಯುತ್ತವೆ. ಎದುರುಬದುರು ಗೋಡೆಗಳಲ್ಲಿ ಸಣ್ಣ ರಂಧ್ರಗಳಿದ್ದರೆ ಗಾಳಿ ಹಾದುಹೋಗುತ್ತದೆ. ಮುಚ್ಚಳಕ್ಕೆ ಲೋಹದ ಜಾಲರಿ ಬೇಡ, ಅದರಲ್ಲಿ ಪಾದದ ಉಗುರು ಸಿಕ್ಕಿಕೊಂಡು ಕಾಲೇ ಕಳಚಬಹುದು. ತಿಂದುಳಿದ ಕೀಟದ ಉಂಡೆಯನ್ನು ಮರುದಿನವೇ ತೆಗೆಯಬೇಕು. ಕೋಣೆಯಲ್ಲಿ ಸೊಳ್ಳೆ, ಜಿರಳೆಗೆ ಹೊಡೆಯುವ ಯಾವ ಔಷಧಿಯೂ ಬಳಕೆಯಾಗಬಾರದು. ಕೀಟನಾಶಕಕ್ಕೆ ಟರಾಂಟುಲಾ ಎಂಬ ರಿಯಾಯಿತಿ ಗೊತ್ತಿಲ್ಲ.

ಕಾವಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಮನುಷ್ಯರಿಗೆ ಹಿತವೆನಿಸುವ 21ರಿಂದ 28 ಡಿಗ್ರಿ ಸೆಲ್ಸಿಯಸ್ ಅದಕ್ಕೂ ಸಾಕು. ಪೆಟ್ಟಿಗೆಯಡಿ ಇಡುವ ವಿದ್ಯುತ್ ಹಾಸು ಮಾತ್ರ ಅಪಾಯಕಾರಿ. ಸೆಕೆಯಾದಾಗ ತಂಪು ಹುಡುಕಿ ಕೆಳಗಿಳಿಯುವುದು ಬಿಲವಾಸಿ ಜೇಡದ ಹುಟ್ಟುಗುಣ. ಕೆಳಗೇ ಬಿಸಿಯಿದ್ದರೆ ಅದು ಇಳಿದಷ್ಟೂ ಒಣಗುತ್ತದೆ.

ಎತ್ತರದ ಲೆಕ್ಕವನ್ನು ಅಂಗಡಿಯವರು ಹೇಳುವುದು ಅಪರೂಪ. ಟರಾಂಟುಲಾದ ಹೊಟ್ಟೆಯ ಚರ್ಮ ತೆಳು, ಒಳಗೆಲ್ಲ ದ್ರವ. ಭಾರವಾದ ನೆಲವಾಸಿ ಜೇಡ ಒಂದಡಿ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಹಾಗಾಗಿ ಮಣ್ಣಿನಿಂದ ಮುಚ್ಚಳಕ್ಕೆ ಇರುವ ಅಂತರ, ಚಾಚಿದ ಕಾಲಿನ ಅಳತೆಯ ಒಂದೂವರೆ ಪಟ್ಟು ಮೀರಬಾರದು. ಅಂಗೈಯಲ್ಲಿಟ್ಟು ಆಡಿಸುವುದೂ ಇದೇ ಕಾರಣಕ್ಕೆ ಬೇಡ.

ಮರವಾಸಿಗಳ ಲೆಕ್ಕ ಬೇರೆ, ಅವಕ್ಕೆ ಎತ್ತರದ ಪೆಟ್ಟಿಗೆ, ನೆಟ್ಟಗೆ ನಿಲ್ಲಿಸಿದ ಟೊಳ್ಳು ತೊಗಟೆ ಬೇಕು. ಭಾರತ ಮತ್ತು ಶ್ರೀಲಂಕಾದ ಪೊಯೆಸಿಲೋಥೀರಿಯಾಗಳು ಇಂಥವು. ಮರದ ಪೊಟರೆಯಲ್ಲಿ ಬದುಕುವ ಪೊಯೆಸಿಲೋಥೀರಿಯಾ ಸ್ಟ್ರಿಯಾಟಾ ನಮ್ಮ ಪಶ್ಚಿಮ ಘಟ್ಟದ್ದೇ. ಬಳ್ಳಾರಿಗೆ ಹತ್ತಿರದ ಗುತ್ತಿಯಲ್ಲಿ ಸಿಕ್ಕ ಮಾದರಿಯಿಂದ 1899ರಲ್ಲಿ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಹೆಸರಿಸಿದ ನೀಲಿ ಟರಾಂಟುಲಾ ಪೊಯೆಸಿಲೋಥೀರಿಯಾ ಮೆಟಾಲಿಕಾ ಒಂದು ಶತಮಾನ ಕಾಲ ಕಾಣಲೇ ಇಲ್ಲ. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಇಂದು ಅದು ಅತ್ಯಂತ ಅಪಾಯದಂಚಿನ ಪ್ರಭೇದಗಳ ಪಟ್ಟಿಯಲ್ಲಿದೆ. 2019ರಲ್ಲಿ ಇಡೀ ಪೊಯೆಸಿಲೋಥೀರಿಯಾ ಕುಲ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಕೆಂಪುಮಂಡಿ 1985ರಲ್ಲೇ ಸೇರಿತ್ತು, ಸಾಕುಪ್ರಾಣಿ ಮಾರುಕಟ್ಟೆಗೆಂದು ಅವನ್ನು ಕಾಡಿನಿಂದ ಬಾಚಿದ್ದೇ ಕಾರಣ. ಭಾರತದ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಳ್ಳುವುದನ್ನೂ ಕಾನೂನಿನಡಿ ತಂದಿದೆ. ತೋಟದಲ್ಲೋ ಕಾಡಂಚಿನಲ್ಲೋ ಕಂಡ ಟರಾಂಟುಲಾವನ್ನು ಡಬ್ಬಿಗೆ ಹಾಕಿಕೊಳ್ಳುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಅದರ ಆರೋಗ್ಯಕ್ಕೆ ಆ ಪೊಟರೆಯಷ್ಟು ಒಳ್ಳೆಯ ಪೆಟ್ಟಿಗೆ ಇನ್ನೊಂದಿಲ್ಲ.

ಕೆಂಪುಮಂಡಿಯಂಥ ಅಮೆರಿಕ ಖಂಡಗಳ ಹೆಚ್ಚಿನ ಟರಾಂಟುಲಾಗಳು ಕೆಣಕಿದರೆ ಹಿಂಗಾಲಿನಿಂದ ಹೊಟ್ಟೆ ಉಜ್ಜಿ ತುರಿಕೆಯ ರೋಮ ತೂರುತ್ತವೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬರು ಚಿಲಿಯ ಟರಾಂಟುಲಾದ ಗಾಜಿನ ತೊಟ್ಟಿ ಒರೆಸುತ್ತಿದ್ದಾಗ ಅಂಥ ರೋಮಗಳು ಕಣ್ಣಿನ ಪಾರದರ್ಶಕ ಪಟಲಕ್ಕೇ ನಾಟಿ, ವಾರಗಟ್ಟಲೆ ಕಣ್ಣು ಕೆಂಪಾಗಿತ್ತು; 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ವರದಿ ಮಾಡಿತು. ಪೆಟ್ಟಿಗೆ ಶುಚಿಮಾಡುವಾಗ ಕನ್ನಡಕ, ಕೈಗವಸು, ಉದ್ದದ ಚಿಮುಟ ಇರಲಿ.

ಕೊನೆಯದಾಗಿ ಪೊರೆ ಕಳಚುವ ಕಾಲ. ಜೇಡ ತಿನ್ನುವುದನ್ನು ಬಿಡುತ್ತದೆ, ಹೊಟ್ಟೆಯ ಬೋಳು ಭಾಗ ಕಪ್ಪಾಗುತ್ತದೆ, ಒಂದು ದಿನ ಅಂಗಾತ ಮಲಗಿಬಿಡುತ್ತದೆ. ಸತ್ತಿತೆಂದು ಹೆದರಿ ಮುಟ್ಟುವವರಿದ್ದಾರೆ. ಸಾಯುವ ಟರಾಂಟುಲಾ ಸಾಮಾನ್ಯವಾಗಿ ಅಂಗಾತ ಮಲಗುವುದಿಲ್ಲ, ಕಾಲು ಮಡಚಿ ನೆಟ್ಟಗೇ ಕೂತಿರುತ್ತದೆ. ಗಂಟೆಗಟ್ಟಲೆ ನಡೆಯುವ ಈ ಕೆಲಸಕ್ಕೂ ದೇಹದೊಳಗಿನ ಒತ್ತಡವೇ ಬಲ, ಹಾಗಾಗಿ ಹಿಂದಿನ ವಾರಗಳಲ್ಲಿ ತಟ್ಟೆಯ ನೀರು ಬತ್ತಲೇಬಾರದು. ಪೆಟ್ಟಿಗೆಯಲ್ಲಿ ಜೀವಂತ ಮಿಡತೆ, ಜಿರಳೆ ಉಳಿದಿದ್ದರೆ ಮೊದಲೇ ತೆಗೆಯಿರಿ. ಮೆತ್ತಗಿರುವ ಜೇಡವನ್ನು ಅವೇ ಕಚ್ಚಿ ತಿನ್ನುತ್ತವೆ. ಹೊಸ ಕೋರೆಹಲ್ಲು ಮೊದಲು ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಬಲಿತ ಜೇಡದಲ್ಲಿ ಇದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಕಪ್ಪಾದ ಮೇಲೆ, ಅದರ ಹೊಟ್ಟೆಗಿಂತ ದೊಡ್ಡದಲ್ಲದ ಒಂದು ಕೀಟವನ್ನು ಬಿಡಬಹುದು.