ಮನೆಯೇ ಹೆದರಿಸಿದಾಗ

ತಂದೆತಾಯಿ ಪರವೂರಿಗೆ ಹೋಗಿದ್ದಾರೆ. ಹದಿನಾಲ್ಕರ ಹುಡುಗ ಮನೆಯಲ್ಲಿ ಒಬ್ಬನೇ. ರಾತ್ರಿ ಹೊರಗೆ ಯಾರೋ ಸುಳಿದಾಡುತ್ತಾರೆ. ಇದು ‘ಫಿಯರ್ಸ್ ಟು ಫ್ಯಾದಮ್: ಹೋಮ್ ಅಲೋನ್’ ಎಂಬ ಕಂಪ್ಯೂಟರ್ ಆಟದ ಕಥೆ. 2021ರಲ್ಲಿ ಇದನ್ನು ಹೊರತಂದದ್ದು ದೊಡ್ಡ ಕಂಪೆನಿಯಲ್ಲ. ಮುಕುಲ್ ನೇಗಿ ಎಂಬ ಭಾರತೀಯ ತರುಣ.

ಇಲ್ಲಿ ಭೂತಪಿಶಾಚಿಗಳ ಕುಣಿತವಿಲ್ಲ. ಬಾಗಿಲು, ಕಿಟಿಕಿ, ದೀಪ, ಹೀಗೆ ದಿನವೂ ಕಾಣುವ ವಸ್ತುಗಳೇ ಅಪರಿಚಿತವಾಗುತ್ತವೆ. ಕೈಯಲ್ಲಿ ಆಯುಧವಿಲ್ಲ, ಕಿವಿಗೊಟ್ಟು ಕಾಯುವುದೇ ಕೆಲಸ. ಏನೂ ನಡೆಯದ ಹೊತ್ತೇ ಹೆಚ್ಚು ಹೆದರಿಸುತ್ತದೆ.

‘ಬರಿಯ ಆಟ, ಅದಕ್ಕೇಕೆ ಅಂಜಿಕೆ?’ ಎಂದು ನಾವು ಹಿರಿಯರು ನಗುತ್ತೇವೆ. ಆದರೆ ಸ್ವಂತ ಮನೆಗೇ ಅಂಜುವುದೆಂದರೇನೆಂದು ಕಂಡುಂಡವರು ನಮ್ಮಂತಹ ಗಡಿನಾಡಿನಲ್ಲೇ ಇದ್ದಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಬೀದರ ಜಿಲ್ಲೆಯ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಅಲ್ಲಿಯೂ, ನೆರೆಯ ಉಮರ್ಗಾದಲ್ಲಿಯೂ, ಮನೆಯೊಳಗೆ ಕನ್ನಡ, ಹೊರಗೆ ಮರಾಠಿ ಆಡುವ ಕುಟುಂಬಗಳಿವೆ.

1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷಗಳಿದ್ದಾಗ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಉಮರ್ಗಾ, ನಿಲಂಗಾ ಕಡೆಯ ಹಳ್ಳಿಗಳೂ ತತ್ತರಿಸಿದವು. ಸತ್ತವರು ಸುಮಾರು 10,000. ಕಲ್ಲುಮಣ್ಣಿನ ದಪ್ಪ ಗೋಡೆ, ಮಣ್ಣು ಹೇರಿದ ಭಾರದ ಮಾಳಿಗೆ. ಬಿಸಿಲಿನಿಂದಲೂ ಕಳ್ಳರಿಂದಲೂ ಕಾಯಲೆಂದು ಕಟ್ಟಿದ್ದೇ ಮಲಗಿದವರ ಮೇಲೆ ಕುಸಿಯಿತು. ಬದುಕುಳಿದವರು ಗೋಡೆ ನಿಂತಿದ್ದ ಮನೆಗೂ ಕಾಲಿಡಲು ಅಂಜಿ, ಮಳೆಯಲ್ಲೂ ಬಯಲಲ್ಲೇ ಒಟ್ಟಾಗಿ ರಾತ್ರಿ ಕಳೆದರು.

ಆಟವನ್ನು ಬೇಡವೆಂದಾಗ ನಿಲ್ಲಿಸಬಹುದು. ಅವರ ಭಯಕ್ಕೆ ಅಂತಹ ಗುಂಡಿ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲ. ಆದರೂ ಎರಡರಲ್ಲೂ ಮನಸ್ಸು ಹುಡುಕುವುದು ಒಂದನ್ನೇ: ಪಕ್ಕದಲ್ಲಿ ಇನ್ನೊಬ್ಬರನ್ನು.

ನಮ್ಮ ಮನೆಗಳ ವಿಷಯಕ್ಕೆ ಬರೋಣ. ದುಡಿಮೆಗೆ ಹೋದ ತಂದೆತಾಯಿ ಮರಳುವವರೆಗೆ ಎಷ್ಟೋ ಮಕ್ಕಳಿಗೆ ಮೊಬೈಲೇ ಜೊತೆ. ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಆಟದಲ್ಲಿ ಇಂಗ್ಲಿಷು. ಹೆದರಿಕೆಯನ್ನು ಮಾತ್ರ ಹೇಳಿಕೊಳ್ಳಬೇಕಾದದ್ದು ತಾಯ್ನುಡಿಯಲ್ಲೇ. ಕೇಳುವವರಿಲ್ಲದಿದ್ದರೆ ಆ ಮಾತು ಎಲ್ಲಿಗೆ ಹೋಗಬೇಕು?

ಆದುದರಿಂದ ಮೊಬೈಲನ್ನು ಕಸಿದುಕೊಳ್ಳುವ ಮೊದಲು, ‘ಎಲ್ಲಿ, ನನಗೂ ತೋರಿಸು’ ಎಂದು ಮಗುವಿನ ಪಕ್ಕದಲ್ಲಿ ಕುಳಿತು ನೋಡೋಣ. ನಾವು ಅಂಜಿದ ರಾತ್ರಿಗಳ ಕಥೆಯನ್ನೂ ಹೇಳೋಣ. ಕತ್ತಲಲ್ಲಿ ಮಗು ‘ಯಾರು?’ ಎಂದಾಗ ‘ನಾನೇ, ಮಗಾ’ ಎಂಬ ದನಿ ಒಳಗಿನಿಂದಲೇ ಕೇಳಿಸಲಿ. ಮನೆ ಮತ್ತೆ ಮನೆಯಾಗಲು ಅಷ್ಟು ಸಾಕು.